ಕತ್ತಿಯ ಬೆನ್ನಿಗೆ ಹುಸಿಬಾಯಿ

(ರೈತರ ತರಬೇತಿಯಲ್ಲಿ ನೀಡಿದ ಭಾಷಣ)



ತಳಿ, ಗೊಬ್ಬರ, ನೀರು ಇವುಗಳ ಬಗ್ಗೆ ನಾವು ಸಾಕಷ್ಟು ಮಾತನಾಡುತ್ತೇವೆ. ದಿನವಿಡೀ ಕೈಯಲ್ಲಿರುವ ಕತ್ತಿಯ ಬಗ್ಗೆ ಮಾತನಾಡುವುದು ಅಪರೂಪ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಅಂದಿನಿಂದ ಇಂದಿನವರೆಗೂ ಈ ಸೀಮೆಯ ಕಬ್ಬಿನ ಬಹುಪಾಲು ಕಟಾವು ಕೈಕತ್ತಿಯಿಂದಲೇ ನಡೆದಿದೆ. ಆದ್ದರಿಂದ ಕತ್ತಿಯ ಒಂದು ಸಣ್ಣ ಅಂಶವನ್ನು ಇಂದು ವಿವರಿಸುತ್ತೇನೆ.

ಕತ್ತಿಯ ಬೆನ್ನಿನ ಮೇಲೆ, ಮೊನೆಯಿಂದ ಹಿಂದಕ್ಕೆ ಸ್ವಲ್ಪ ದೂರದವರೆಗೆ, ಎರಡೂ ಪಕ್ಕಗಳನ್ನು ಇಳಿಜಾರಾಗಿ ಅರದಿಂದ ತೆಗೆಯುವುದುಂಟು. ನೋಡಲು ಇನ್ನೊಂದು ಬಾಯಿಯಂತೆ ಕಾಣುತ್ತದೆ, ಆದರೆ ಹರಿತವಿರುವುದಿಲ್ಲ. ಇದನ್ನು ಹುಸಿಬಾಯಿ ಎಂದು ಕರೆಯೋಣ.

ಇದರಿಂದ ಲಾಭವೇನು? ಮೊನೆಯ ಕಡೆ ಭಾರ ಕಡಿಮೆಯಾಗಿ ಮಣಿಕಟ್ಟಿಗೆ ಆಯಾಸ ತಗ್ಗುತ್ತದೆ. ಮೊನೆ ಇಕ್ಕಟ್ಟಾದ ಜಾಗಕ್ಕೂ ನುಗ್ಗುತ್ತದೆ. ಒಣಗಿದ ತರಗನ್ನು ಬೆನ್ನಿನಿಂದಲೇ ಕೆರೆದು ಸರಿಸಬಹುದು.

ಆದರೆ ಎಲ್ಲ ಕತ್ತಿಗೂ ಇದು ಹೊಂದುವುದಿಲ್ಲ. ಮದ್ದೂರಿನ ಎಳನೀರು ಮಚ್ಚಿಗೆ ಭಾರವೇ ಬಲ. ಅದರ ಬೆನ್ನನ್ನು ಮುಟ್ಟಬೇಡಿ. ಮಳವಳ್ಳಿ ಕಡೆಯ ಹಿಪ್ಪುನೇರಳೆ ತೋಟದಲ್ಲಿ ಒತ್ತಾದ ರೆಂಬೆಗಳ ನಡುವೆ ಕತ್ತಿ ಆಡಬೇಕಾಗುತ್ತದೆ. ಅಲ್ಲಿ ಹುಸಿಬಾಯಿ ಬಹಳ ಅನುಕೂಲ. ಕಬ್ಬಿನ ಕತ್ತಿಗೆ ಮಿತವಾಗಿರಲಿ. ಕಬ್ಬನ್ನು ನೆಲಮಟ್ಟಕ್ಕೆ ಒಂದೇ ಏಟಿಗೆ ಕಡಿಯಬೇಕು. ಬುಡದ ಗೆಣ್ಣುಗಳಲ್ಲಿಯೇ ಸಕ್ಕರೆ ಅಂಶ ಹೆಚ್ಚು. ಮೋಟು ಉಳಿದರೆ ಅದು ನಷ್ಟ. ಬುಡ ಸೀಳಿದರೆ ಕೂಳೆ ಬೆಳೆಗೂ ನಷ್ಟ. ಕತ್ತಿ ತೀರಾ ಹಗುರವಾದರೆ ಎರಡು ಮೂರು ಏಟು ಬಿದ್ದು ಬುಡ ಸೀಳುತ್ತದೆ.

ಮಾಡುವ ಕ್ರಮ ಹೀಗಿದೆ:

1. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆಯ ಕತ್ತಿಯಾಗುತ್ತದೆ. ಬಿರುಕು ಬಿಟ್ಟ ಪಟ್ಟಿ ಬೇಡ. ಕುಲುಮೆಯಲ್ಲಿ ಬಡಿದು ಆಕಾರ ಬಂದ ಮೇಲೆ, ಕೆಂಪಗೆ ಕಾಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಡಿ. ಆಗ ಅರ ಹಿಡಿಯುತ್ತದೆ.

2. ಹುಸಿಬಾಯಿಯನ್ನು ಹದ ಕೊಡುವುದಕ್ಕೆ ಮೊದಲೇ ತೆಗೆಯಬೇಕು. ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ. ಸಾಣೆಯಂತ್ರಕ್ಕೆ ಹಿಡಿದರೆ ಉಕ್ಕು ನೀಲಿಗಟ್ಟಿ ಹದ ಕೆಡುತ್ತದೆ.

3. ಬೆನ್ನಿನ ನಡುವೆ ಉದ್ದಕ್ಕೂ ಒಂದು ಗೆರೆ ಗೀಚಿ. ಅಲಗು 12 ಅಂಗುಲವಿದ್ದರೆ ಹುಸಿಬಾಯಿ 4 ಅಂಗುಲ ಸಾಕು. ಇಳಿಜಾರು ಅಲಗಿನ ಅಗಲದ ಕಾಲು ಭಾಗವನ್ನು ಮೀರದಿರಲಿ.

4. ಅರವನ್ನು ಮುಂದಕ್ಕೆ ಮಾತ್ರ ಒತ್ತಿ ಉಜ್ಜಿ. ಒಂದು ಪಕ್ಕಕ್ಕೆ 20 ಸಲ ಉಜ್ಜಿದರೆ ಇನ್ನೊಂದಕ್ಕೂ 20 ಸಲ. ಒಂದೇ ಪಕ್ಕವನ್ನು ಮುಗಿಸಿದರೆ ಹದ ಕೊಡುವಾಗ ಅಲಗು ಸೊಟ್ಟಗಾಗಬಹುದು. ಬೆನ್ನಿನ ದಪ್ಪ 5 ಮಿ.ಮೀ. ಇದ್ದರೆ ಹುಸಿಬಾಯಿಯ ಅಂಚಿನಲ್ಲಿ 2 ಮಿ.ಮೀ. ಉಳಿಯಲೇಬೇಕು.

5. ಹದ ಕೊಡುವಾಗ ತೆಳುವಾದ ಮೊನೆ ಬೇಗ ಕಾಯುತ್ತದೆ. ಅದನ್ನು ಬೆಂಕಿಯ ನಡುವೆ ಇಡಬೇಡಿ. ಅಯಸ್ಕಾಂತ ಅಂಟದಿರುವಷ್ಟು, ಅದಕ್ಕಿಂತ ತುಸು ಹೆಚ್ಚು ಕಾದಾಗ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ. ಈ ಉಕ್ಕು ತಣ್ಣೀರಿನಲ್ಲಿ ಸೀಳುವ ಸಂಭವವಿದೆ. ಎಣ್ಣೆಗೆ ಬೆಂಕಿ ಹತ್ತಬಹುದು. ಪಾತ್ರೆಯ ಮುಚ್ಚಳ ಪಕ್ಕದಲ್ಲಿರಲಿ.

6. ನಂತರ ಅಲಗನ್ನು ಬೆಳ್ಳಗೆ ಉಜ್ಜಿ, ಬೆನ್ನಿನ ದಪ್ಪ ಭಾಗದಿಂದ ನಿಧಾನವಾಗಿ ಕಾಸಿ. ಬಣ್ಣ ಬೆನ್ನಿನಿಂದ ಬಾಯಿಯ ಕಡೆಗೆ ಓಡುತ್ತದೆ. ಬಾಯಿಯ ಹತ್ತಿರ ಕಂದು ಬಣ್ಣ ತಿರುಗಿ ನೇರಳೆ ಕಾಣುವ ಹೊತ್ತಿಗೆ ನೀರಿಗೆ ಹಾಕಿ.

ಕೊನೆಯದಾಗಿ ಮುಖ್ಯವಾದ ಮಾತು. "ಹೇಗೂ ತೆಗೆದಿದ್ದೇವೆ, ಇದನ್ನೂ ಹರಿತ ಮಾಡಿಬಿಡೋಣ" ಎಂದು ಕೆಲವರಿಗೆ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತಿಯ ಬೆನ್ನನ್ನು ಅಂಗೈಯಿಂದ ಒತ್ತುತ್ತೇವೆ, ಹೆಗಲಿಗೆ ಒರಗಿಸುತ್ತೇವೆ, ಇನ್ನೊಬ್ಬರ ಕೈಗೆ ಕೊಡುತ್ತೇವೆ. ಕಡಿಯುವವರ ಹಿಂದೆಯೇ ಹೆಣ್ಣುಮಕ್ಕಳು ಬಗ್ಗಿ ಸೋಗೆ ಸವರಿ ಕಟ್ಟು ಕಟ್ಟುತ್ತಿರುತ್ತಾರೆ. ಮೇಲೆತ್ತಿದ ಕತ್ತಿಯ ಬೆನ್ನು ತಗುಲುವುದು ಅವರಿಗೆ. ಬೆನ್ನು ಮೊಂಡಾಗಿದ್ದರೆ ತರಚುಗಾಯ. ಹರಿತವಾಗಿದ್ದರೆ ಬೆರಳು ಹೋದೀತು. ಕೂಲಿಯನ್ನೇ ನಂಬಿದ ಮನೆಗೆ ಒಂದು ಬೆರಳು ಹೋದರೆ ಇಡೀ ಹಂಗಾಮೇ ಹೋದಂತೆ.

ಆದ್ದರಿಂದ ಹುಸಿಬಾಯಿಯ ಅಂಚನ್ನು ಎಣ್ಣೆಕಲ್ಲಿನಿಂದ ಉಜ್ಜಿ ದುಂಡಗೆ ಮಾಡಿ. ಹೆಬ್ಬೆರಳನ್ನು ಅಂಚಿಗೆ ಅಡ್ಡಲಾಗಿ ಮೆಲ್ಲಗೆ ಸವರಿದರೆ ನಯವಾಗಿರಬೇಕು. ಸಾಣೆ ಹಿಡಿಯುವಾಗಲೆಲ್ಲ ಇದನ್ನೂ ಪರೀಕ್ಷಿಸಿ.

ಕಟಾವು ಶುರುವಾದ ಮೇಲೆ ಕುಲುಮೆಯಲ್ಲಿ ನೂಕುನುಗ್ಗಲು. ಒಂದು ತಿಂಗಳು ಮುಂಚೆಯೇ ಕತ್ತಿಗಳನ್ನು ಆಚಾರರ ಬಳಿಗೆ ಒಯ್ದು, ಯಾವ ಬೆಳೆಗೆ, ಯಾರ ಕೈಗೆ ಎಂಬುದನ್ನು ತಿಳಿಸಿ ಮಾಡಿಸಿಕೊಳ್ಳಿ.