ಮಾತೂ ಒಂದು ತಪಸ್ಸು



ಗೀತೆಯನ್ನು ದಿನನಿತ್ಯದ ಬದುಕಿಗೆ ತರುವುದು ಹೇಗೆ ಎಂಬ ವಿಷಯ ಕೊಟ್ಟಿದ್ದೀರಿ. ನಾನು ವಿದುಷಿಯಲ್ಲ. ಡೊಂಬಿವಲಿಯಿಂದ ವಿ.ಟಿ.ವರೆಗೆ 26 ವರ್ಷ ಲೋಕಲ್ ಟ್ರೇನಿನಲ್ಲಿ ನಿಂತು ಓಡಾಡಿ ನಿವೃತ್ತಳಾದವಳು. 18 ಅಧ್ಯಾಯಗಳ ಗೋಜಿಗೆ ಹೋಗದೆ ಒಂದೇ ಒಂದು ಶ್ಲೋಕದ ಬಗ್ಗೆ ಮಾತಾಡುತ್ತೇನೆ.

ತಪಸ್ಸು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಹಿಮಾಲಯ, ಜಟೆ, ಹುತ್ತ. ಗೀತೆಯ 17ನೇ ಅಧ್ಯಾಯ ತಪಸ್ಸನ್ನು ಶರೀರದ್ದು, ಮಾತಿನದು, ಮನಸ್ಸಿನದು ಎಂದು ಮೂರಾಗಿ ವಿಂಗಡಿಸುತ್ತದೆ. 15ನೇ ಶ್ಲೋಕ ಮಾತಿನದು. ಆಡಿದ ಮಾತು ಕೇಳಿದವರ ಮನಸ್ಸನ್ನು ಕಲಕಬಾರದು, ನಿಜವಾಗಿರಬೇಕು, ಪ್ರಿಯವಾಗಿರಬೇಕು, ಹಿತವಾಗಿರಬೇಕು. ಜೊತೆಗೆ ಸ್ವಾಧ್ಯಾಯವೂ ಇರಬೇಕು. ಇದಕ್ಕೆ ಕಾಡಿಗೆ ಹೋಗಬೇಕಿಲ್ಲ, ಅಡುಗೆಮನೆಯಲ್ಲೇ ಮಾಡಬಹುದು. ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಈ ಗುಣಗಳೆಲ್ಲ ಒಟ್ಟಿಗೇ ಇರಬೇಕು, ಒಂದು ತಪ್ಪಿದರೂ ಅದು ತಪಸ್ಸಲ್ಲ ಎನ್ನುತ್ತಾರೆ. ಅವರು ಕೊಡುವ ಉದಾಹರಣೆ ಒಂದು ಉಪದೇಶದ ಮಾತು. ಆದರೆ ಉಪದೇಶಕ್ಕೂ ಮೊದಲು ಸಮಾಧಾನ, ಅದರ ಜೊತೆಗೇ ಮಗು ಎಂಬ ಕರೆ. ನನಗೆ ಅದು ಬಹಳ ಹಿಡಿಸಿತು.

ಅಂದ ಹಾಗೆ, ಮೌನವನ್ನು ಗೀತೆ ಮಾತಿನ ತಪಸ್ಸಿನಲ್ಲಿ ಸೇರಿಸಿಲ್ಲ, ಮುಂದಿನ ಶ್ಲೋಕದಲ್ಲಿ ಮನಸ್ಸಿನ ತಪಸ್ಸಿಗೆ ಸೇರಿಸಿದೆ. ಮುಖ ಊದಿಸಿಕೊಂಡು ಮೂರು ದಿನ ಮಾತು ಬಿಡುವ ನಮ್ಮ ಮೌನ ಎರಡರಲ್ಲೂ ಬರುವುದಿಲ್ಲ!

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಆ ಬಗ್ಗೆ ಹೆಮ್ಮೆಯೂ ಇತ್ತು. ಆ ಹೆಮ್ಮೆ ಮುರಿದದ್ದು ನಮ್ಮ ಅತ್ತೆಯಿಂದ. ಅವರಿಗೀಗ 84. ಎರಡು ವರ್ಷದಿಂದ ಮರೆವಿನ ಕಾಯಿಲೆ. ಒಂದು ದಿನ ಸಂಜೆ ಏಳು ಗಂಟೆಗೆ ಬಾಗಿಲ ಕಡೆ ನೋಡುತ್ತಾ, "ಇವರು ಇನ್ನೂ ಬರಲಿಲ್ಲವಲ್ಲ?" ಎಂದರು. ಮಾವ ತೀರಿಕೊಂಡು ಒಂಬತ್ತು ವರ್ಷ. ನಾನು ಒಗ್ಗರಣೆ ಹಾಕುತ್ತಿದ್ದೆ. ಸೌಟು ಕೈಯಲ್ಲಿಟ್ಟುಕೊಂಡೇ, "ಮಾವ ಹೋಗಿ ಒಂಬತ್ತು ವರ್ಷ ಆಯಿತಲ್ಲ ಅತ್ತೆ" ಎಂದೆ. ಅವರು ಅತ್ತದ್ದನ್ನು ಹೇಗೆ ಹೇಳಲಿ? ಆಗ ತಾನೇ ಸುದ್ದಿ ಬಂದವರ ಹಾಗೆ ಅತ್ತರು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಅಳು. ಐದು ದಿನ ಹೀಗೆ ನಡೆಯಿತು. ಐದು ಸಲ ನನ್ನ ಬಾಯಿಂದಲೇ ಅವರನ್ನು ವಿಧವೆ ಮಾಡಿದೆ.

"ಬರ್ತಾರೆ ಅಂತ ಹೇಳಿಬಿಡಮ್ಮಾ" ಎಂದಳು ಮಗಳು. ನನಗೆ ನಾಲಗೆ ಬರಲಿಲ್ಲ. ಸುಳ್ಳು ಸುಳ್ಳೇ ತಾನೆ?

ಆ ವಾರ ಮತ್ತೆ ಆ ಶ್ಲೋಕ ತೆಗೆದು ನೋಡಿದೆ. ಅಲ್ಲಿ ಸತ್ಯ ಎರಡನೆಯದು. ಮನಸ್ಸನ್ನು ಕಲಕದಿರುವುದೇ ಮೊದಲನೆಯದು. ಇಷ್ಟು ವರ್ಷ ಪಾರಾಯಣ ಮಾಡಿದರೂ ನಾನು ಈ ಕ್ರಮವನ್ನು ಗಮನಿಸಿರಲಿಲ್ಲ. ಸತ್ಯವನ್ನು ಬಿಡು ಎಂದು ಅದು ಹೇಳುವುದಿಲ್ಲ. ಸತ್ಯವೊಂದೇ ಸಾಲದು ಎನ್ನುತ್ತದೆ, ಅಷ್ಟೆ.

ಮರುದಿನ ಸಂಜೆ ಒಲೆ ಆರಿಸಿ ಹೋಗಿ ಪಕ್ಕದಲ್ಲಿ ಕುಳಿತೆ. "ಮಾವ ಮನೆಗೆ ಬಂದ ಕೂಡಲೇ ಏನು ಕೇಳುತ್ತಿದ್ದರು ಅತ್ತೆ?" ಎಂದೆ. "ಕಾಫಿ. ಲೋಟ ಮೊದಲು ಬಿಸಿನೀರಲ್ಲಿ ತೊಳೆದಿರಬೇಕು" ಎಂದರು. ಆಮೇಲೆ ಶನಿವಾರ ಮಾಟುಂಗಾದಿಂದ ತರುತ್ತಿದ್ದ ಮಲ್ಲಿಗೆ, ಟ್ರೇನಿನ ನೂಕುನುಗ್ಗಲಿನಲ್ಲಿ ಅದು ಅಪ್ಪಚ್ಚಿಯಾಗದಂತೆ ಊಟದ ಡಬ್ಬಿಯಲ್ಲಿಟ್ಟು ತರುತ್ತಿದ್ದದ್ದು... ಅರ್ಧ ಗಂಟೆ ಮಾತಾಡಿದರು. 26 ವರ್ಷ ಅದೇ ಟ್ರೇನಿನಲ್ಲಿ ಓಡಾಡಿದ ನನಗೂ ಆ ಡಬ್ಬಿಯ ವಿಷಯ ಗೊತ್ತಿರಲಿಲ್ಲ. ಸುಳ್ಳು ಹೇಳುವ ಪ್ರಸಂಗವೇ ಬರಲಿಲ್ಲ.

ದಿನವೂ ಹೀಗೆ ಆಗುವುದಿಲ್ಲ. ಕೆಲವು ಸಲ ನನ್ನ ಮುಖವನ್ನೇ ನೋಡಿ, "ಇದ್ದಾರೋ ಇಲ್ಲವೋ, ಹೇಳು" ಎನ್ನುತ್ತಾರೆ. ಆಗ ಕೈ ಹಿಡಿದುಕೊಂಡು "ಇಲ್ಲ ಅತ್ತೆ" ಎನ್ನುತ್ತೇನೆ. ಇಬ್ಬರೂ ಅಳುತ್ತೇವೆ. ಮೊದಲು ಹೇಳಿದ್ದೂ ಇದೇ ಸತ್ಯ, ಆದರೆ ಆಗ ಕೈಯಲ್ಲಿ ಸೌಟಿತ್ತು.

ಅವರು ಕೇಳುವ ಹೊತ್ತು ಏಳು ಗಂಟೆ. ಈಗಲೇ ಐದೂವರೆ ದಾಟಿದೆ, ನಾನು ಟ್ರೇನು ಹಿಡಿಯಬೇಕು.