ಕಾಯಬಾರದ ಹೊಟ್ಟೆನೋವು



ಹೊಟ್ಟೆನೋವು ನಮ್ಮ ಮನೆಗಳಿಗೆ ಹೊಸದಲ್ಲ. ಜೀರಿಗೆ ಕಷಾಯ ಕುಡಿದು ಮಲಗಿದರೆ ಬಹುಪಾಲು ನೋವು ಬೆಳಗಾಗುವಷ್ಟರಲ್ಲಿ ಶಮನವಾಗುತ್ತದೆ. ಆದರೆ ಬೆಳಗಿನವರೆಗೆ ಕಾಯಬಾರದ ನೋವೊಂದಿದೆ. ಅದು ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಿಂದ ಬರುವಂಥದು.

ಜಠರದ ಹಿಂಬದಿಯಲ್ಲಿ ಅಡ್ಡಲಾಗಿರುವ ಈ ಗ್ರಂಥಿಯ ಉದ್ದ ಸುಮಾರು 15 ಸೆಂಟಿಮೀಟರ್. ವೈದ್ಯರು ಇದನ್ನು ಪ್ಯಾಂಕ್ರಿಯಾಸ್ ಎನ್ನುತ್ತಾರೆ. ಉಂಡ ಅನ್ನ, ಬೇಳೆ, ಎಣ್ಣೆಗಳನ್ನು ಅರಗಿಸುವ ರಸ ಇಲ್ಲಿ ಉತ್ಪತ್ತಿಯಾಗಿ ಕರುಳಿಗೆ ಹರಿಯುತ್ತದೆ. ಕರುಳನ್ನು ಸೇರಿದ ಮೇಲೆ ಚುರುಕಾಗಬೇಕಾದ ಆ ರಸವು ಗ್ರಂಥಿಯೊಳಗೇ ಚುರುಕಾದರೆ, ಗ್ರಂಥಿಯನ್ನೇ ಅರಗಿಸತೊಡಗುತ್ತದೆ.

ಇದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು ಪಿತ್ತಕೋಶದ ಕಲ್ಲು. ಪಿತ್ತನಾಳವೂ ಈ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಒಂದೇ ದ್ವಾರದಿಂದ ಕರುಳಿಗೆ ತೆರೆದುಕೊಳ್ಳುತ್ತವೆ. ಸಣ್ಣ ಕಲ್ಲೊಂದು ಜಾರಿಬಂದು ಅಲ್ಲಿ ಸಿಕ್ಕಿಕೊಂಡರೆ ಸಾಕು, ರಸದ ಹರಿವು ತಡೆಯುತ್ತದೆ. ಪಿತ್ತಕಲ್ಲುಗಳು ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಗರ್ಭ ಧರಿಸಿದಾಗ ಅವು ಉಂಟಾಗುವ ಸಂಭವವೂ ಅಧಿಕ. ಆದುದರಿಂದ ಇದನ್ನು ಕುಡುಕರ ಕಾಯಿಲೆಯೆಂದು ಕರೆದು, ನರಳುವ ಹೆಣ್ಣುಮಗಳು ಬಾಯಿ ಬಿಡದಂತೆ ಮಾಡುವುದು ಅನ್ಯಾಯ.

ಎರಡನೆಯದು ಮದ್ಯಪಾನ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ಮಾತ್ರ ಊರು ಬಿಟ್ಟು ಹೋಗಲಿಲ್ಲ. ರಕ್ತದಲ್ಲಿ ಮಿತಿಮೀರಿದ ಕೊಬ್ಬು, ಹೊಟ್ಟೆಗೆ ಬಿದ್ದ ಪೆಟ್ಟು, ಕೆಲವು ಔಷಧಿಗಳು, ಪಿತ್ತನಾಳಕ್ಕೆ ನುಸುಳಿದ ಜಂತುಹುಳು, ಕೆಲವು ಕೀಟನಾಶಕಗಳ ವಿಷ ಇವೂ ಒಮ್ಮೊಮ್ಮೆ ಕಾರಣವಾಗುತ್ತವೆ.

ಈ ನೋವನ್ನು ಗುರುತಿಸುವ ಬಗೆಯನ್ನು ದಂಪತಿಗಳಿಬ್ಬರೂ ಅರಿತಿರಬೇಕು. ಅದು ಹೊಕ್ಕುಳಿನ ಮೇಲ್ಭಾಗದಲ್ಲಿ ಹಠಾತ್ತನೆ ಆರಂಭವಾಗಿ, ಬಿಡದೆ ಕಾಡುತ್ತದೆ. ಅನೇಕರಲ್ಲಿ ಬೆನ್ನಿಗೂ ಹರಡುತ್ತದೆ. ಅಂಗಾತ ಮಲಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿ ಕುಳಿತರೆ ತುಸು ತಗ್ಗುತ್ತದೆ. ವಾಂತಿ ಮೇಲಿಂದ ಮೇಲೆ ಬಂದರೂ ನೋವು ಇಳಿಯುವುದಿಲ್ಲ. ಜ್ವರ, ಹೊಟ್ಟೆಯುಬ್ಬರ ಕಾಣಿಸಬಹುದು. ಕಲ್ಲು ಅಡ್ಡವಾಗಿದ್ದಲ್ಲಿ ಕಣ್ಣು ಹಳದಿಯಾಗಬಹುದು. ಉಸಿರಾಟ ಕಷ್ಟವಾದರೆ, ಮೂತ್ರ ಕಡಿಮೆಯಾದರೆ, ಮೈ ತಣ್ಣಗಾಗಿ ಮಾತು ತೊದಲಿದರೆ ಪ್ರಾಣಾಪಾಯ ಸಮೀಪಿಸಿದೆಯೆಂದೇ ತಿಳಿಯಿರಿ.

ಇಂಥ ನೋವನ್ನು ಗ್ಯಾಸ್ ಎಂದು ಭಾವಿಸಿ ಅಂಗಡಿಯ ಮಾತ್ರೆ ನುಂಗಿಸಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ರಕ್ತದಲ್ಲಿನ ಅಮೈಲೇಸ್ ಅಥವಾ ಲೈಪೇಸ್ ಪರೀಕ್ಷೆ ಮಾಡಿ, ಸ್ಕ್ಯಾನಿಂಗ್‌ನಿಂದ ಕಲ್ಲುಗಳನ್ನು ಹುಡುಕುತ್ತಾರೆ. ರಕ್ತನಾಳದ ಮೂಲಕ ದ್ರವ ನೀಡಿ ನೋವು ಶಮನಗೊಳಿಸಿದಾಗ ಹೆಚ್ಚಿನವರು ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ.

ಕಲ್ಲೇ ಕಾರಣವೆಂದು ತಿಳಿದಲ್ಲಿ, ಪಿತ್ತಕೋಶವನ್ನು ತೆಗೆಸಿಕೊಳ್ಳಲು ವೈದ್ಯರು ಸೂಚಿಸುತ್ತಾರೆ. ನೋವು ನಿಂತಿತು, ಸುಗ್ಗಿ ಮುಗಿಯಲೆಂದು ಅದನ್ನು ಮುಂದೂಡಿದವರಲ್ಲಿ ಅದೇ ನೋವು ಕೆಲವೇ ವಾರಗಳಲ್ಲಿ ಮರುಕಳಿಸುವುದುಂಟು.