ಜಪಾನಿನಲ್ಲಿ ಕಲಿತ ಬೂಟಿನ ಪಾಠ

(ಸಂಘದ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಾನು ಜಪಾನಿಗೆ ಹೋಗಿ ಬಂದಾಗಿನಿಂದ "ಡಾಕ್ಟ್ರೇ, ಅಲ್ಲಿನ ಹಸು ಎಷ್ಟು ಲೀಟರ್ ಕೊಡುತ್ತೆ?" ಎಂದೇ ಎಲ್ಲರೂ ಕೇಳುತ್ತೀರಿ. ನಿಜ ಹೇಳುತ್ತೇನೆ, ನಾನು ಹಸು ಕಂಡದ್ದು ಬೇಲಿಯ ಆಚೆಯಿಂದ ಮಾತ್ರ!

ವಿಮಾನದಿಂದ ಇಳಿದು ನಡೆಯುವ ದಾರಿಯಲ್ಲೇ ಸೋಂಕುನಿವಾರಕ ದ್ರಾವಣದಲ್ಲಿ ನೆನೆಸಿದ ಚಾಪೆ ಹಾಸಿದ್ದರು. ಈಚೆಗೆ ದನಕರು ಮುಟ್ಟಿದವರು ಪಶು ತಪಾಸಣಾ ಕೌಂಟರಿಗೆ ಹೋಗಬೇಕು. ಹೋದೆ. ಅಲ್ಲಿದ್ದ ಹೆಣ್ಣುಮಗಳು ನನ್ನ ಬೂಟು ತಿರುಗಿಸಿ ನೋಡಿದರು. ಅಡಿಯ ಗೆರೆಗಳಲ್ಲಿ ನಮ್ಮೂರ ಸೆಗಣಿ ಒಣಗಿ ಕೂತಿತ್ತು. ಒಂದು ಮಾತೂ ಆಡದೆ ಬ್ರಷ್ಷಿನಿಂದ ಉಜ್ಜಿ, ಔಷಧಿ ಸಿಂಪಡಿಸಿ, ತಲೆಬಾಗಿ ಹಿಂದಿರುಗಿಸಿದರು. ನನಗೆ ನಾಚಿಕೆಯಾಯಿತು.

ಮನೆಯೊಳಗೆ ಪಾದರಕ್ಷೆ ಬಿಟ್ಟು ಹೋಗುವುದು ನಮ್ಮಲ್ಲೂ ಉಂಟು. ಅಲ್ಲಿ ಶೌಚಾಲಯಕ್ಕೂ ಬೇರೆ ಚಪ್ಪಲಿ. ಮರೆತು ಅದನ್ನೇ ಮೆಟ್ಟಿ ಹೊರಗೆ ಬಂದಾಗ ವಸತಿಗೃಹದ ಅಜ್ಜಿ ಬಾಯಿಗೆ ಕೈ ಇಟ್ಟು ನಕ್ಕರು.

ಜಪಾನಿನ ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಹೊಕ್ಕೈಡೊ ದ್ವೀಪದಿಂದ. ಅಲ್ಲಿಗೂ ಹೋದೆ. ಹೊರದೇಶದಿಂದ ಬಂದವರು ಒಂದು ವಾರ ಕೊಟ್ಟಿಗೆಯ ಹತ್ತಿರ ಹೋಗಬಾರದೆಂದು ಅಲ್ಲಿನ ಸರ್ಕಾರದ ಸೂಚನೆ. ಹೈನುಗಾರರು ರಸ್ತೆಯಲ್ಲೇ ನಿಂತು ಮಾತನಾಡಿಸಿದರು, ಒಳಗೆ ಬಿಡಲಿಲ್ಲ. 2010ರಲ್ಲಿ ಮಿಯಾಜಾಕಿ ಪ್ರಾಂತದಲ್ಲಿ ಕಾಲುಬಾಯಿ ಜ್ವರ ತಡೆಯಲು ಹತ್ತಿರ ಹತ್ತಿರ 3 ಲಕ್ಷ ದನ, ಹಂದಿಗಳನ್ನು ಕೊಲ್ಲಬೇಕಾಯಿತು. ಆ ನೋವು ಅವರು ಮರೆತಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾಲುಬಾಯಿ ಜ್ವರ ಬಂದ ಕೊಟ್ಟಿಗೆಯಿಂದ ಅದೇ ಬೂಟಿನಲ್ಲಿ ಪಕ್ಕದ ಊರಿನ ಕೊಟ್ಟಿಗೆಗೆ ಹೋದೆ. ವಾರದೊಳಗೆ ಅಲ್ಲಿನ ಹಸುವೂ ಜೊಲ್ಲು ಸುರಿಸಿತು. "ಯಾರದೋ ದೃಷ್ಟಿ ತಾಗಿತು ಸಾರ್" ಎಂದು ಆ ತಾಯಿ ಅತ್ತರು. ನನ್ನ ಬೂಟಿನ ಮೇಲೆ ನನಗೆ ಅನುಮಾನವಿತ್ತು. ಆದರೂ ಬಾಯಿ ಬಿಡಲಿಲ್ಲ.

ಆದುದರಿಂದ ಬಂಧುಗಳೇ, ಆರು ತಿಂಗಳಿಗೊಮ್ಮೆ ಲಸಿಕೆ ತಪ್ಪಿಸಬೇಡಿ. ಕೊಟ್ಟಿಗೆಗೆಂದೇ ಒಂದು ಜೊತೆ ಚಪ್ಪಲಿ ಇಡಿ. ಸಂತೆಯಿಂದ ತಂದ ರಾಸನ್ನು ಮೂರು ವಾರ ಬೇರೆ ಕಟ್ಟಿ. 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಬಾಗಿಲಲ್ಲಿಡಿ. ಅಡುಗೆ ಸೋಡಾ ಬೇಡ. ಮೊದಲು ಸೆಗಣಿ, ಕೆಸರು ತೊಳೆದು ಆಮೇಲೆ ಅದ್ದಬೇಕು. ನೀರು ಕೊಳೆಯಾದರೆ ಬದಲಿಸಿ.

ದಲ್ಲಾಳಿಯಾಗಲಿ, ನೆಂಟರಾಗಲಿ, ಡಾಕ್ಟರೇ ಆಗಲಿ, ಬೂಟು ತೊಳೆಯದೆ ಬಂದರೆ ಬಾಗಿಲಲ್ಲೇ ನಿಲ್ಲಿಸಿ. ನಾನಂತೂ ಬೇಸರ ಮಾಡಿಕೊಳ್ಳುವುದಿಲ್ಲ.